ನುಣ್ಣನೆಯ ಕುಯ್ತ

ಗರಗಸ ಗೀರಿನೊಳಕ್ಕೆ ಇಳಿಯಲಿಲ್ಲ.

ದಾವ್ಲತ್‌ಯಾರ್ ಇನ್ನೊಮ್ಮೆ ಒತ್ತಿ ನೋಡಿದ. ಊಹೂಂ. ಗೀರಿನ ಬಾಯಲ್ಲೇ ಹಲ್ಲುಗಳು ಸಿಕ್ಕಿಕೊಂಡು, ಮುನಿಸಿಕೊಂಡ ಬೀಗರು ಬಾಗಿಲಲ್ಲಿ ನಿಂತ ಹಾಗೆ ಒಳಕ್ಕೂ ಬರಲೊಲ್ಲವು, ಹೊರಕ್ಕೂ ಹೋಗಲೊಲ್ಲವು.

"ಜೋರಾಗಿ ಒತ್ತಿ, ಆಗಾ," ಎಂದ ಕ್ಯಾಪ್ಟನ್ ಹುದರ್ಗಾನ್, ಅಣ್ಣ ಎನ್ನುವ ಸಲುಗೆಯಲ್ಲಿ, ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತ. "ನಿಮ್ಮ ಕಾಲದಲ್ಲಿ ನೀವೇ ಹೇಳ್ತಿರ್ಲಿಲ್ವಾ, ಸಾಕ್ಷಿ ಅಂದ್ಮೇಲೆ ಸ್ವಲ್ಪ ಒತ್ತಬೇಕು ಅಂತ?"

"ಮನುಷ್ಯರನ್ನ ಒತ್ತಬಹುದು. ಮರ ಒತ್ತಿದ್ರೆ ಸೀಳುತ್ತೆ."

ಠಾಣೆಯ ಮೇಜಿನ ಮೇಲೆ ಕಂಬದ ಬುಡ ಮಲಗಿತ್ತು. ಗುಜುಮ್ ಮರದ್ದು, ಕಪ್ಪಗೆ, ಕಬ್ಬಿಣದ ತೂಕ. ಆ ಕಂಬಕ್ಕೆ ಒರಗಿ ಬೆಳಗಿನ ಚಹ ಕುಡಿಯುತ್ತಿದ್ದ ಊರಿನ ಹಿರಿಯ ಬಡಗಿ, ಉಸ್ತಾ ಮತ್‌ಪನಾನ ಮೇಲೆ ಇಡೀ ಜಗಲಿಯ ಮಾಡು ಕುಸಿದು ಅವನು ಸತ್ತಿದ್ದ. ಗೆದ್ದಲು ತಿಂದಿದೆ ಎಂದು ಊರು ಕೈತೊಳೆದುಕೊಂಡಾಗ, ಇದು ಗೆದ್ದಲಲ್ಲ, ಯಾರೋ ಮುಕ್ಕಾಲು ಪಾಲು ಕುಯ್ದಿದ್ದಾರೆ ಎಂದು ತೋರಿಸಿಕೊಟ್ಟವನು ಅವನ ಅಳಿಯ ದಾವ್ಲತ್‌ಯಾರನೇ.

ತೋರಿಸಿದ್ದಷ್ಟೇ ಅಲ್ಲ, ಬಾಯಿ ಕೂಡ ಬಿಟ್ಟಿದ್ದ. ಪೊಲೀಸ್ ಕೆಲಸದಿಂದ ನಿವೃತ್ತನಾದರೂ ನಾಲಗೆಗೆ ನಿವೃತ್ತಿ ಇರಲಿಲ್ಲ. "ಈ ಕುಯ್ತ ನೋಡಿ, ಗಾಜಿನ ಹಾಗಿದೆ. ಕುಯ್ಯೋ ಮೊದಲು ಸುತ್ತ ಚಾಕುವಿನಲ್ಲಿ ಗೆರೆ ಎಳೆದಿದಾರೆ, ಸಿಬಿರು ಏಳದಿರ್ಲಿ ಅಂತ. ಗರಗಸಕ್ಕೆ ಕುರಿಬಾಲದ ಕೊಬ್ಬು ಸವರಿದಾರೆ. ಉಸ್ತಾನ ಕೈಕೆಳಗೆ ಕಲಿತವರಲ್ಲದೆ ಇನ್ನಾರೂ ಹೀಗೆ ಕುಯ್ಯಲ್ಲ," ಎಂದುಬಿಟ್ಟಿದ್ದ. ಉಸ್ತಾನ ಕೈಕೆಳಗೆ ಕಲಿತವರಲ್ಲಿ ಊರಲ್ಲಿ ಉಳಿದವರು ಇಬ್ಬರೇ. ಒಬ್ಬ, ಎರಡು ವರ್ಷ ಕಲಿತು ಉಳಿ ಬಿಟ್ಟು ಲಾಠಿ ಹಿಡಿದ ದಾವ್ಲತ್‌ಯಾರ್. ಇನ್ನೊಬ್ಬ ಈಗಿನ ಶಿಷ್ಯ ಕುತ್ಲಿಮುರಾದ್. ಕ್ಯಾಪ್ಟನ್ ಹುದರ್ಗಾನ್ ಆ ಸಂಜೆಯೇ ಕುತ್ಲಿಮುರಾದನನ್ನು ಹಿಡಿದು ಒಳಗೆ ಹಾಕಿದ.

ಈಗ ಅವನ ಮೂರು ಗರಗಸಗಳೂ ಮೇಜಿನ ಮೇಲಿದ್ದವು. ಕುಯ್ತದಿಂದ ಬೆರಳಗಲ ಕೆಳಗೆ ಒಂದು ಸಣ್ಣ ಗೀರಿತ್ತು. ಶುರು ಮಾಡುವಾಗ ಗರಗಸ ಒಮ್ಮೆ ಜಾರಿ ಕಚ್ಚಿದ ಜಾಗ. ಯಾವ ಗರಗಸ ಆ ಗೀರಿನಲ್ಲಿ ಸರಿಯಾಗಿ ಕೂರುತ್ತದೋ ಅದೇ ಕೊಲೆಯ ಗರಗಸ. ದಪ್ಪ ಹಲ್ಲಿನದು ಮರ ಉದ್ದಕ್ಕೆ ಸೀಳುವುದಕ್ಕೆ. ಅದರ ಮಾತೇ ಬೇಡ. ನಡುವಿನದೂ ಅಲ್ಲ. ಉಳಿದ ಭರವಸೆಯೆಲ್ಲ ಈ ಸಣ್ಣ ಹಲ್ಲಿನದರ ಮೇಲಿತ್ತು. ಅದರ ಹಲ್ಲುಗಳನ್ನೂ ಒಂದು ಎಡಕ್ಕೆ ಒಂದು ಬಲಕ್ಕೆ ಎಂದು ಎಷ್ಟು ಬಾಗಿಸಿದ್ದನೆಂದರೆ, ಅದು ಕುಯ್ದರೆ ಗೀರು ಇದರ ಒಂದೂವರೆ ಪಟ್ಟು ಅಗಲ ಬರುತ್ತಿತ್ತು.

"ಇದಲ್ಲ," ಎಂದ ದಾವ್ಲತ್‌ಯಾರ್.

"ಇದಲ್ಲದಿದ್ರೆ ಎಲ್ಲೋ ಬಚ್ಚಿಟ್ಟಿರೋ ಇನ್ನೊಂದು. ಗರಗಸ ಅಂದ್ರೆ ಗರಗಸ, ಆಗಾ. ಹಲ್ಲಿದ್ರೆ ಕುಯ್ಯುತ್ತೆ."

"ಹಲ್ಲಿರೋದೆಲ್ಲ ಒಂದೇ ಆದ್ರೆ ನಿನ್ನನ್ನೂ ತೋಳವನ್ನೂ ಒಂದೇ ಕೊಟ್ಟಿಗೇಲಿ ಕಟ್ಟಬಹುದಿತ್ತು."

ಹುದರ್ಗಾನ್ ನಕ್ಕ. ಒಂದು ಕಾಲದಲ್ಲಿ ದಾವ್ಲತ್‌ಯಾರನ ಕೈಕೆಳಗೆ ಚಹ ತಂದುಕೊಡುತ್ತಿದ್ದವನು. ಈಗ ಇವನಿಗೆ ಚಹ ತರಿಸುವಷ್ಟು ದೊಡ್ಡವನಾಗಿದ್ದ. ಅವನ ಅಣ್ಣ ಹಳೇ ಊರಿನಲ್ಲಿ ಮನೆಗಳನ್ನು ಒಂದೊಂದಾಗಿ ಕೊಂಡು ಹೋಟೆಲು ಮಾಡುತ್ತಿದ್ದ; ಉಸ್ತಾನ ಮನೆ ಮಾತ್ರ ಸಿಕ್ಕಿರಲಿಲ್ಲ. ತಮ್ಮನ ಹೊಟ್ಟೆಯೂ ಅದರ ಜೊತೆಗೇ ಬೆಳೆದಿತ್ತು.

"ಮಧ್ಯಾಹ್ನ ಗಾಡಿ ಉರ್ಗೆಂಚಿನ ಜೈಲಿಗೆ ಹೊರಡುತ್ತೆ. ಹುಡುಗನೂ ಹೋಗ್ತಾನೆ. ಅಲ್ಲಿಗೆ ಹೋದವರು ಒಪ್ಕೊಳ್ದೆ ಬಂದಿದ್ದು ನೀವು ನೋಡಿದೀರಾ? ನಿಮ್ಮ ಬಾಯಿಂದ ಒಂದು ಮಾತು ಬೇಕು, ಗರಗಸ ಅವನದೇ ಅಂತ. ಯೋಚನೆ ಮಾಡಿ, ಫೋನ್ ಮಾಡ್ತೀನಿ," ಎಂದು ಅವನು ಎದ್ದು, ಸಿಪ್ಪೆಗಳನ್ನು ನೆಲಕ್ಕೆ ಒದರಿ ಹೊರಗೆ ಹೋದ.

ಕಾವಲಿನವನು ಕುತ್ಲಿಮುರಾದನನ್ನು ಕರೆತಂದು ಕೂರಿಸಿ ಬಾಗಿಲಾಚೆ ನಿಂತ.

ಮೂವತ್ತು ದಾಟಿದ, ಅಗಲ ಮಣಿಕಟ್ಟಿನ ಗಂಡಸು. ಒಂದು ಕಣ್ಣು ಊದಿತ್ತು. ಮೇಜಿನ ಮೇಲಿನ ಬುಡವನ್ನು ಕಂಡದ್ದೇ ಕೈ ತಾನಾಗಿ ಅದರ ಕಡೆ ಹೋಯಿತು. ಕುಯ್ತದ ಮೇಲೆ ಹೆಬ್ಬೆರಳು ಎಳೆದ, ಸತ್ತವರ ಹಣೆ ಸವರುವ ಹಾಗೆ.

"ಯಾರು ಹೊಡೆದಿದ್ದು?" ದಾವ್ಲತ್‌ಯಾರ್ ಕೇಳಿದ.

"ನೀವೇ."

"ನಾನಾ?"

"ಮತ್ತೆ? ಕೈ ಅವರದು, ಮಾತು ನಿಮ್ಮದು. 'ಉಸ್ತಾನ ಶಿಷ್ಯನೇ ಕುಯ್ದಿದ್ದು' ಅಂತ ಚಹದಂಗಡೀಲಿ ಸಾರಿದ್ರಲ್ಲ, ಆಗಾ. ಮದುವೆ ಕರೆಯೋರೂ ಅಷ್ಟು ಚೆನ್ನಾಗಿ ಸಾರಲ್ಲ."

ದಾವ್ಲತ್‌ಯಾರ್ ಮಾತು ಬದಲಿಸಿದ. "ಉಸ್ತಾ ನಿನಗೆ ಫಾತಿಹಾ ಕೊಡದೆ ಎಷ್ಟೋ ವರ್ಷ ಸತಾಯಿಸಿದ. ಆಶೀರ್ವಾದ ಇಲ್ದೆ ನೀನು ನಿನ್ನ ಹೆಸರಲ್ಲಿ ಒಂದು ಬಾಗಿಲು ಮಾಡೋ ಹಾಗಿರ್ಲಿಲ್ಲ. ಸಿಟ್ಟಿರ್ಲಿಲ್ವಾ?"

"ಇತ್ತು. ಬರೋ ಶುಕ್ರವಾರ ಕೊಡೋನಿದ್ದ. ಸೊಂಟಕ್ಕೆ ಕಟ್ಟೋಕೆ ಬಟ್ಟೆ ತಂದಿಟ್ಟಿದ್ದ, ಪಿಲಾವಿಗೆ ಅಕ್ಕಿ ತಂದಿಟ್ಟಿದ್ದ. ಹೇಳಿ ನೋಡೋಣ, ಹಬ್ಬದೂಟಕ್ಕೆ ಕರೆದ ಮನೆಗೆ ಹಬ್ಬದ ಮೊದಲೇ ಯಾರಾದ್ರೂ ಬೆಂಕಿ ಹಚ್ತಾರಾ?"

ಇದು ದಾವ್ಲತ್‌ಯಾರನಿಗೆ ಹೊಸ ಸುದ್ದಿ. ಮಾವ ಅವನಿಗೆ ಯಾವುದನ್ನೂ ಹೇಳುತ್ತಿರಲಿಲ್ಲ. ಉಳಿ ಕೆಳಗಿಟ್ಟ ದಿನದಿಂದ ಮನೆಗೆ ಹೋದರೆ ಚಹ ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ.

"ಇದಕ್ಕಿಂತ ತೆಳು ಗರಗಸ ಅಂಗಡೀಲಿ ಇದೆಯಾ?"

ಕುತ್ಲಿಮುರಾದ್ ಬುಡವನ್ನು ತನ್ನ ಕಡೆ ತಿರುಗಿಸಿಕೊಂಡ. ಗೀರನ್ನೇ ನೋಡುತ್ತಿದ್ದ.

"ಕೇಳಿದ್ದು ಕೇಳಿಸ್ತಾ?"

"ಅಂಗಡೀಲಿ ಇಲ್ಲ."

"ಮತ್ತೆಲ್ಲಿದೆ?"

"ಅದಿರ್ಲಿ. ನೀವು ಎರಡು ವರ್ಷ ಕಲಿತವರು. ಒಂದು ಮಾತು ಹೇಳಿ. ಈ ಕಂಬದ ತಲೆ ಮೇಲೆ ಇಡೀ ಮಾಡಿನ ಭಾರ ಕೂತಿತ್ತು. ಹಲ್ಲು ಬಾಗಿಸ್ದೇ ಇರೋ ತೆಳು ಗರಗಸ ಹಾಕಿದ್ರೆ ಏನಾಗುತ್ತೆ?"

ದಾವ್ಲತ್‌ಯಾರ್ ಕುಯ್ತದ ಮೇಲೆ ಕೈಯಿಟ್ಟ. ಏನಾಗುತ್ತದೆಂದು ಹೊಸದಾಗಿ ಉಳಿ ಹಿಡಿದವನಿಗೂ ಗೊತ್ತು. ನಾಲ್ಕು ಎಳೆತಕ್ಕೆ ಮರ ಅಮುಕಿ ಗರಗಸವನ್ನು ಕಚ್ಚಿಕೊಳ್ಳುತ್ತದೆ. ಆಮೇಲೆ ಎತ್ತು ಕಟ್ಟಿ ಎಳೆದರೂ ಬರುವುದಿಲ್ಲ.

"ಭಾರ ಮೇಲೆತ್ತಿದ್ರು," ಎಂದ ನಿಧಾನವಾಗಿ.

"ಎತ್ತಿದ್ರು. ತೊಲೆಗೆ ಏನೋ ಆಸರೆ ಕೊಟ್ಟಿದ್ರು. ಕೊಟ್ಟ ಜಾಗದಲ್ಲಿ ತೊಲೆ ಮೇಲೆ ಗುರುತು ಬಿದ್ದಿರುತ್ತೆ. ತೊಲೆ ನೋಡಿದ್ರಾ?"

ನೋಡಿರಲಿಲ್ಲ. ಹೆಣ ತೆಗೆದ ದಿನವೇ ಹುದರ್ಗಾನ್ ತೊಲೆ ಹಲಗೆಗಳನ್ನೆಲ್ಲ ಗಾಡಿಗೆ ಹೇರಿಸಿ ಊರ ಸ್ನಾನದ ಹಮಾಮಿನ ಒಲೆಗೆ ಕಳಿಸಿದ್ದ. ಗೆದ್ದಲು ಹಿಡಿದ ಮರ, ಊರಿಗೆ ಹಬ್ಬೀತು ಎಂದಿದ್ದ. ಎಷ್ಟು ಮುತುವರ್ಜಿಯ ಅಧಿಕಾರಿ ಎಂದು ದಾವ್ಲತ್‌ಯಾರನೇ ಆಗ ತಲೆದೂಗಿದ್ದ. ಬುಡದ ಈ ತುಂಡು ಉಳಿದದ್ದು, ಅದು ತಾನೇ ಕಂಬಳಿ ಸುತ್ತಿ ಮನೆಗೆ ಹೊತ್ತುಕೊಂಡು ಹೋದದ್ದರಿಂದ.

"ಇನ್ನೊಂದು," ಎಂದ ಕುತ್ಲಿಮುರಾದ್. ಊದಿದ ಕಣ್ಣಿನಿಂದ ನೀರು ಒಸರುತ್ತಿತ್ತು. ಅಳುವೋ ಏಟೋ ಹೇಳುವ ಹಾಗಿರಲಿಲ್ಲ. "ಮರ ಕೆಡವೋಕೆ ಯಾವ ಗರಗಸ ತಗೋತೀರಿ?"

"ದಪ್ಪ ಹಲ್ಲಿನದು. ಬೇಗ ಆಗುತ್ತೆ."

"ನುಣ್ಣಗೆ ಕುಯ್ಯೋದು ಯಾವಾಗ?"

ದಾವ್ಲತ್‌ಯಾರ್ ಮೂರು ಗರಗಸಗಳನ್ನೂ ಒಂದೊಂದಾಗಿ ನೋಡಿದ.

"ಪೊಲೀಸ್ ತಲೇಲಿ ಯೋಚಿಸಿದ್ರೆ ಗೊತ್ತಾಗಲ್ಲ, ಆಗಾ. ಪೊಲೀಸ್ ತಲೆಗೆ ನುಣುಪು ಅಂದ್ರೆ ಮುಚ್ಚಿಡೋದು. ಮನೆಗೆ ಹೋಗಿ ಚಹ ಕುಡೀರಿ. ನಾನು ಉರ್ಗೆಂಚಿಗೆ ಹೋಗ್ತೀನಿ. ಆದ್ರೆ ಆ ಕೈ ಯಾರದು ಅಂತ ನನ್ನ ಬಾಯಿಂದ ಬರಲ್ಲ. ನನಗೆ ಚಾಕುವಿನ ಗೆರೆ ಎಳೆಯೋದು ಕಲಿಸಿದ್ದು ಉಸ್ತಾ ಅಲ್ಲ, ಆ ಕೈ."

"ಯಾರನ್ನ ಕಾಯ್ತಿದೀಯ ನೀನು? ನಿನ್ನ ಹೆಂಡ್ತಿ ಮಕ್ಕಳ ಗತಿ?"

"ನೀವು ನನ್ನನ್ನ ಒಳಗೆ ಹಾಕ್ಸೋವಾಗ ಅವರ ನೆನಪು ಬರ್ಲಿಲ್ವಲ್ಲ," ಎಂದು ಅವನು ಗೋಡೆಯ ಕಡೆ ತಿರುಗಿ ಕೂತ. ಮತ್ತೆ ತಿರುಗಲಿಲ್ಲ.

ಕಂಬದ ಬುಡವನ್ನು ಹೆಗಲಿಗೇರಿಸಿ ದಾವ್ಲತ್‌ಯಾರ್ ಮನೆಯ ಕಡೆ ನಡೆದ. ಬಿಸಿಲಿಗೆ ಮಣ್ಣುಗೋಡೆಗಳು ಕಾದಿದ್ದವು. ತಂದೂರಿನ ಹತ್ತಿರ ಕೂತ ಹೆಂಗಸರು ಅವನನ್ನು ಕಂಡು ಮಾತು ನಿಲ್ಲಿಸಿದರು, ದಾಟಿದ ಮೇಲೆ ಮುಂದುವರಿಸಿದರು. ಅಳಿಯ ಮಾವನ ಹೆಣದ ಮೇಲೂ ಹೆಸರು ಮಾಡಿಕೊಂಡ ಎಂಬ ಮಾತು ಅವನ ಬೆನ್ನಿಗೆ ಕೇಳಿಸಿತು.

ಅಂಗಡೀಲಿ ಇಲ್ಲ.

ತೆಳು ಗರಗಸ ಎಲ್ಲಿದೆಯೆಂದು ಅವನಿಗೆ ನೆನಪಾಗಬೇಕಾದದ್ದೇನೂ ಇರಲಿಲ್ಲ. ಠಾಣೆಯಲ್ಲಿ ಗೀರು ನೋಡಿದಾಗಲೇ ಗೊತ್ತಾಗಿತ್ತು. ಗೊತ್ತಿದ್ದದ್ದನ್ನು ತನಗೇ ಹೇಳಿಕೊಳ್ಳಲು ಅವನಿಗೆ ಇಷ್ಟು ದೂರ ನಡೆಯಬೇಕಾಯಿತು. ಏಪ್ರಿಕಾಟ್ ಮರದ ಹಿಡಿ, ಉಸ್ತಾನ ಅಪ್ಪ ಅರ ಹಾಕಿ ಹರಿತ ಮಾಡಿದ ಹಲ್ಲು, ಕಾಗದದಷ್ಟು ತೆಳು. ಮದುವೆಯ ದಿನ ಮಾವ ಅದನ್ನು ಅವನ ಕೈಗಿಟ್ಟು, "ಕೈಗೆ ಫಾತಿಹಾ ಕೊಡಲಾರೆ. ಗೋಡೆಗೆ ಇದಾದ್ರೂ ಇರ್ಲಿ," ಎಂದಿದ್ದ. ನೆರೆದವರು ನಕ್ಕಿದ್ದರು. ಆ ನಗೆ ಇಂದಿಗೂ ಅವನಿಗೆ ಉರಿಯುತ್ತಿತ್ತು. ಮನೆಯ ಹಿಂದಿನ ಕೋಣೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದವನು ಮತ್ತೆ ಅದರತ್ತ ತಲೆಯೆತ್ತಿ ನೋಡಿರಲಿಲ್ಲ. ತುಕ್ಕು ಹಿಡಿದು ಸಾಯಲಿ ಎಂದುಕೊಂಡಿದ್ದ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವರ ಕತೆ ಕೇಳಿ ನಗುತ್ತೇವೆ. ಸ್ವಂತ ಕಂಕುಳಾದಾಗ ನಗು ಬರುವುದಿಲ್ಲ.

ಹೆಂಡತಿ ಬಿಕಾಜಾನ್ ಅಡುಗೆಮನೆಯಲ್ಲಿ ತುಹುಂ ಬರಾಕ್ ಎಂಬ ಮೊಟ್ಟೆ ಕಡುಬಿಗೆ ಹಿಟ್ಟು ಲಟ್ಟಿಸುತ್ತಿದ್ದಳು. ತಂದೆ ಸತ್ತ ಮೇಲೆ ಬಿಳಿ ಬಟ್ಟೆ ಉಟ್ಟಿದ್ದಳು. ಗಂಡ ಮಾತಾಡದೆ ಹಿಂದಿನ ಕೋಣೆಗೆ ಹೋದದ್ದನ್ನು ನೋಡಿದಳು, ಕೈ ನಿಲ್ಲಿಸಲಿಲ್ಲ.

ಗರಗಸ ಮೊಳೆಯ ಮೇಲೇ ಇತ್ತು. ಹಿಡಿಯ ಮೇಲೆ ಧೂಳಿತ್ತು. ಧೂಳು ಬಹಳ ಸಮನಾಗಿತ್ತು, ಯಾರೋ ಜರಡಿ ಹಿಡಿದು ಉದುರಿಸಿದ ಹಾಗೆ. ಹಲ್ಲಿನ ಮೇಲೆ ತುಕ್ಕಿನ ಚುಕ್ಕೆಯಿಲ್ಲ. ಮೂಗಿಗೆ ಹಿಡಿದ. ಕುರಿಬಾಲದ ಕೊಬ್ಬು.

ಬುಡವನ್ನು ನೆಲಕ್ಕಿಟ್ಟು ಗರಗಸವನ್ನು ಗೀರಿಗೆ ಹಿಡಿದ. ಒತ್ತಬೇಕಾಗಲಿಲ್ಲ. ಮಗು ತೊಟ್ಟಿಲಲ್ಲಿ ಮಲಗಿದ ಹಾಗೆ ಹಲ್ಲುಗಳು ಒಳಗೆ ಹೋಗಿ ಕೂತವು.

"ಗವ್ಹರಳ ಅಪ್ಪ," ಎಂದಳು ಬಿಕಾಜಾನ್ ಬಾಗಿಲಿನಿಂದ. ಮಗಳ ಹೆಸರು ಹಿಡಿದೇ ಅವಳು ಗಂಡನನ್ನು ಕರೆಯುವುದು. "ಹಿಡಿ ಅಷ್ಟು ಬಿಗಿಯಾಗಿ ಹಿಡೀಬೇಡಿ. ಅದಕ್ಕೆ ಬಿಗಿ ಆಗಲ್ಲ."

ಅವನು ತಿರುಗಿದ. ಅವಳ ಮುಂಗೂದಲಲ್ಲಿ ಹಿಟ್ಟಿತ್ತು. ಎಷ್ಟು ವರ್ಷಗಳಿಂದ ಗುರುವಾರ ಗುರುವಾರ ಅಪ್ಪನ ಮನೆಗೆ ರೊಟ್ಟಿ ಸುಟ್ಟುಕೊಡಲು ಹೋಗಿ, ಕೂದಲಲ್ಲಿ ಹಿಟ್ಟು ಮೆತ್ತಿಕೊಂಡು ಬರುತ್ತಿದ್ದಳು. ಪ್ರೀತಿ ಉಕ್ಕಿದ ದಿನ ತಾನೇ ಒರೆಸಿದ್ದ. ಈಗ ನೆನಪಾಯಿತು, ಆ ಹಿಟ್ಟಿನ ಬಣ್ಣ ಬೇರೆ ಇತ್ತು. ಕಂದು.

"ನೀನಾ?"

"ಹೀಗೆ ಕೇಳ್ತೀರಿ ಅಂತ ಕಾಯ್ತಾ ಇದ್ದೆ. ಊರನ್ನೆಲ್ಲ ಕೇಳಿದ್ರಿ. ಹಮಾಮಿನವನನ್ನ ಕೇಳಿದ್ರಿ, ಕತ್ತೆ ಕಾಯೋನನ್ನ ಕೇಳಿದ್ರಿ. ನನ್ನನ್ನ ಕೇಳ್ಲಿಲ್ಲ."

"ಬಿಕಾ, ನೀನು..."

"ಅಪ್ಪ ರೊಟ್ಟಿ ಕಚ್ಚಿಸಿ ಆಣೆ ಹಾಕ್ಸಿದ್ದ. ನೇರ ಕೇಳಿದ್ರೆ ಸುಳ್ಳು ಹೇಳ್ಬೇಡ, ಕೇಳದೆ ಹೇಳ್ಬೇಡ. ಆ ಹುಡುಗನ್ನ ಹಿಡಿದ್ರು ಅಂದಾಗ್ಲೂ ನೀವು ಬಂದು ಕೇಳ್ತೀರಿ ಅಂದ್ಕೊಂಡೆ. ನೀವು ಬಂದು ಊಟ ಮಾಡಿ ಮಲಗಿದ್ರಿ."

ಅವಳು ಗೋಡೆಗೂಡಿನಿಂದ ಮಡಿಸಿಟ್ಟ ಹಾಸಿಗೆಗಳನ್ನು ಸರಿಸಿ, ಬಟ್ಟೆ ಸುತ್ತಿದ ಭಾರದ ವಸ್ತುವೊಂದನ್ನು ಎರಡು ಕೈಯಲ್ಲಿ ಎತ್ತಿ ತಂದು ನೆಲಕ್ಕಿಟ್ಟಳು. ಬಟ್ಟೆ ಬಿಚ್ಚಿದಳು.

ಕಂಬದ ಬುಡ. ಹೊಸದು. ಹಳೆಯದರ ಪಕ್ಕದಲ್ಲೇ ನಿಂತಿತು, ಅದೇ ಗಡಿಗೆಯಂಥ ಉಬ್ಬು, ಅದೇ ಸಣ್ಣ ಸೊಂಟ, ಅದೇ ಬಳ್ಳಿ. ಹೊಸದರ ಬಳ್ಳಿಯ ಕೆತ್ತನೆ ಹಳೆಯದಕ್ಕಿಂತ ಸೂಕ್ಷ್ಮವಾಗಿತ್ತು. ಮೇಲ್ಮೈ ಮೇಲೆ ಬೆರಳಿಟ್ಟರೆ ಜಾರುತ್ತಿತ್ತು.

ನುಣ್ಣಗೆ ಕುಯ್ಯೋದು ಯಾವಾಗ? ಕುತ್ಲಿಮುರಾದನ ಪ್ರಶ್ನೆಗೆ ಉತ್ತರ ನೆಲದ ಮೇಲಿತ್ತು. ಕೆಡವುವುದಕ್ಕೆ ಯಾರೂ ನುಣ್ಣಗೆ ಕುಯ್ಯುವುದಿಲ್ಲ. ಜೋಡಿಸುವುದಕ್ಕೆ ಕುಯ್ಯುತ್ತಾರೆ. ಎರಡು ವರ್ಷ ಕಲಿತ ಬಡಗಿಗೆ ನೋಡಿದ ಕೂಡಲೇ ಹೊಳೆಯಬೇಕಾದದ್ದು, ಮೂವತ್ತು ವರ್ಷದ ಪೊಲೀಸನಿಗೆ ಹೊಳೆಯಲಿಲ್ಲ. ಆ ತಪ್ಪಿಗೆ ಇನ್ನೊಬ್ಬನ ಕಣ್ಣು ಊದಿತ್ತು. ದಾವ್ಲತ್‌ಯಾರನಿಗೆ ತನ್ನ ಮೇಲೇ ಅಸಹ್ಯವಾಯಿತು.

"ಗೆದ್ದಲು ಹಿಡಿದ ಬುಡ ತೆಗೆದು ಹೊಸದು ಕೂರಿಸ್ಬೇಕಿತ್ತು," ಎಂದಳು ಬಿಕಾಜಾನ್. "ಅಪ್ಪನ ಕೈ ನಡುಗ್ತಿತ್ತು. ಎಷ್ಟೋ ವರ್ಷದಿಂದ ನಡುಗ್ತಿತ್ತು. ಊರು ಹೊಗಳಿದ ಬಾಗಿಲು ಕಂಬ ಎಲ್ಲ ಯಾರ ಕೈಯಿಂದ ಬಂತು ಅಂದ್ಕೊಂಡ್ರಿ? ಹೆಣ್ಣು ಕುಯ್ದಿದ್ದು ಅಂದ್ರೆ ಯಾರು ಕೊಳ್ತಾರೆ? ಆ ಗರಗಸ ನಿಮಗೆ ಕೊಟ್ಟಿದ್ದಲ್ಲ. ನನಗೆ ಕೊಡೋಕೆ ಅವನಿಗೆ ಮುಖ ಇರ್ಲಿಲ್ಲ, ನಿಮ್ಮ ಕೈಲಿಟ್ಟು ನನ್ನ ಮನೆಗೆ ಕಳ್ಸಿದ. ಫಾತಿಹಾ ಮಾತ್ರ ಕುತ್ಲಿಮುರಾದನಿಗೆ."

ಅವಳ ಧ್ವನಿ ಅಲ್ಲಿಯವರೆಗೆ ಸಮವಾಗಿತ್ತು. ಈಗ ಮುರಿಯಿತು.

"ಅವತ್ತು ದಪ್ಪ ಹಲ್ಲಿನದು ತಗೊಂಡಿದ್ರೆ ಹೊತ್ತು ಮುಳುಗೋದ್ರೊಳಗೆ ಮುಗೀತಿತ್ತು. ಬೆಸೆದ ಗೆರೆ ಕಾಣಬಾರದು, ಸಣ್ಣದರಲ್ಲೇ ಕುಯ್ಯಿ ಅಂದ ಅಪ್ಪ. ನನಗೂ ಅದೇ ಆಸೆ. ನುಣ್ಣಗೆ ಕುಯ್ಯೋ ಗರಗಸ ನಿಧಾನ. ಮುಕ್ಕಾಲು ಆಗೋಷ್ಟರಲ್ಲಿ ಕತ್ತಲಾಯ್ತು. ಆಸರೆ ಇದೆಯಲ್ಲ, ನಾಳೆ ಬಂದು ಮುಗಿಸ್ತೀನಿ ಅಂತ ಬಂದೆ. ಬೆಳಗ್ಗೆ ಅಪ್ಪ ಅದಕ್ಕೇ ಒರಗಿ ಕೂತ. ಆಸರೆ ಜಾರ್ತು, ನಾನೇ ಕೊಂದೆ, ನನ್ನ ನುಣುಪಿನ ಹುಚ್ಚು ಕೊಂದಿತು ಅಂತ ಬೆಂದುಹೋಗಿದೀನಿ."

ದಾವ್ಲತ್‌ಯಾರನಿಗೆ ಅವಳ ತಲೆ ಮುಟ್ಟಬೇಕೆನಿಸಿತು. ಮೂವತ್ತು ವರ್ಷದ ಅಭ್ಯಾಸ ಅದಕ್ಕಿಂತ ಮೊದಲು ಬಾಯಿಗೆ ಬಂತು.

"ಆಸರೆ ಏನಿಟ್ಟಿದ್ದೆ?"

"ಕಾರಿನ ಜಾಕು. ಅದರ ಮೇಲೊಂದು ಕೊರಡು, ಕೊರಡಿನ ಮೇಲೆ ತೊಲೆ. ಕಂಬದ ಹಿಂದೆ, ಗೋಡೆ ಕಡೆಗೆ."

ತೊಲೆಗಳನ್ನು ಎತ್ತುವಾಗಲೇ ಪಕ್ಕದಲ್ಲಿ ನಿಂತು, ಕುಸಿದ ಜಗಲಿಯ ಮಣ್ಣನ್ನು ಅವನು ಕೈಯಾರೆ ಜರಡಿ ಹಿಡಿದಿದ್ದ. ಮಾವನ ಚಹದ ಬಟ್ಟಲಿನ ಚೂರುಗಳು ಸಿಕ್ಕಿದ್ದವು, ಹಲ್ಲು ಸೆಟ್ಟು ಸಿಕ್ಕಿತ್ತು, ಕಂಬದ ಅಡಿಗೆ ಹಾಸಿದ್ದ ಒಂಟೆ ಉಣ್ಣೆಯ ಚೂರು ಸಿಕ್ಕಿತ್ತು.

"ಬಿಕಾ. ಅಲ್ಲಿ ಜಾಕು ಇರ್ಲಿಲ್ಲ."

"ಏನಂದ್ರಿ?"

"ಜಾರಿ ಬಿದ್ದಿದ್ರೆ ಮಣ್ಣಿನಡಿ ಇರ್ಬೇಕಿತ್ತು. ಇರ್ಲಿಲ್ಲ. ಮಾಡು ಬೀಳೋ ಮೊದಲೇ ಯಾರೋ ತೆಗೆದ್ರು."

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಇಷ್ಟು ದಿನ ಹೊತ್ತ ಪಾಪ ತನ್ನದಲ್ಲ ಎಂದು ಗೊತ್ತಾದವರ ಮುಖದಲ್ಲಿ ಸಮಾಧಾನ ಬರಬೇಕಿತ್ತು. ಬಂದದ್ದು ಭಯ.

"ಯಾರ ಜಾಕು ಅದು?" ಅವನು ಕೇಳಿದ.

ಉತ್ತರಕ್ಕೆ ಮೊದಲು ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ತೆಗೆದು ನೋಡಿದ. ಗಾಡಿ ಹೊರಡುವ ಹೊತ್ತಾಗಿತ್ತು. ಬಿಕಾಜಾನ್ ಬಗ್ಗಿ ಪರದೆಯ ಮೇಲಿನ ಹೆಸರು ಓದಿದಳು.

"ಎತ್ತಿ," ಎಂದಳು ಪಿಸುಗುಟ್ಟಿ. "ಅಪ್ಪ ಕೇಳಿದ್ದಕ್ಕೆ ಅವನೇ ಗುರುವಾರ ಜಾಕು ತಂದುಕೊಟ್ಟು ಹೋದ. ಯಾತಕ್ಕೆ ಬೇಕು ಅಂತಾನೂ ಕೇಳಿದ."

ದಾವ್ಲತ್‌ಯಾರ್ ಫೋನನ್ನು ಕಿವಿಗೆ ಹಿಡಿದ.

"ಆಗಾ, ಗಾಡಿ ಸಿದ್ಧವಾಗಿದೆ," ಎಂದ ಹುದರ್ಗಾನ್, ಬಾಯಲ್ಲಿ ಬೀಜ ಒಡೆಯುತ್ತ. "ಗರಗಸ ಹುಡುಗನದೇ ಅಂತ ಬರ್ಕೊಳ್ಲಾ?"

ಹೂಂ ಎಂದರೆ ನಿರಪರಾಧಿ ಹೋಗುತ್ತಾನೆ. ಊಹೂಂ ಎಂದರೆ ಆ ಗರಗಸ ಯಾರ ಮನೆಯ ಗೋಡೆಯ ಮೇಲಿದೆ ಎಂದು ಹೇಳಬೇಕು.

"ಯಾಕೆ ಸುಮ್ನಾದ್ರಿ? ಹೋಗ್ಲಿ, ಅವಸರ ಇಲ್ಲ." ಸಿಪ್ಪೆ ಉಗುಳಿದ ಸದ್ದು ಕೇಳಿತು. ಅದು ಫೋನಿನಲ್ಲಷ್ಟೇ ಅಲ್ಲ, ಅಂಗಳದ ಗೋಡೆಯಾಚೆಯಿಂದಲೂ ಕೇಳಿತು. "ನಾನೇ ಈ ಕಡೆ ಬಂದೆ. ಅಂದ್ಹಾಗೆ, ಬಿಕಾಜಾನ್ ಅಕ್ಕ ಮನೇಲಿದಾರಲ್ವಾ?"